ಎಲ್ಲರೂ ನಕ್ಕ ಮೇಲೆ

ಬೆಟಗೇರಿಯ ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಹತ್ತಿಗೇ ಹೆಚ್ಚು ಜಾಗವಿತ್ತು. ಅಪ್ಪ ಗಾದಿ ಹೊಲಿಯುವವರು. ಹತ್ತಿ ಹಿಂಜುವುದು ನಮ್ಮ ಮನೆತನದ ಕಸುಬು. ಬೀದಿಗೆ ತೆರೆದುಕೊಂಡ ಪಡಸಾಲೆಯಲ್ಲಿ ಅವರು ಗಿರಾಕಿಗಳನ್ನು ಕೂರಿಸಿಕೊಂಡು ಅಳತೆ ಕೇಳುತ್ತಿದ್ದರು. ಅಲ್ಲಿಯೇ ಕಾಲು ಮಡಚಿ ಕುಳಿತು ಉದ್ದನೆಯ ಸೂಜಿಯಿಂದ ಗಾದಿಗೆ ಹೊಲಿಗೆ ಹಾಕುತ್ತಿದ್ದರು. ಮನೆಯ ಹಿಂಭಾಗದಲ್ಲಿ ಅಡುಗೆಮನೆ, ಅದರಾಚೆಗೆ ತಗಡು ಹೊದಿಸಿದ ಹಿತ್ತಲು. ಹಿಂಜುವ ಬಿಲ್ಲು ತೂಗುತ್ತಿದ್ದದ್ದು ಆ ಹಿತ್ತಲಿನಲ್ಲಿ. ಪಡಸಾಲೆಗೂ ಅಡುಗೆಮನೆಗೂ ನಡುವೆ ಕಿಟಕಿಯಿಲ್ಲದ ಒಂದು ಕೋಣೆಯಿತ್ತು. ಹಿಂಜಿದ ಹತ್ತಿಯನ್ನು ಅಲ್ಲಿ ಎದೆಯೆತ್ತರಕ್ಕೆ ಒಟ್ಟುತ್ತಿದ್ದರು. ನಮ್ಮ ಓಣಿಯ ತುಂಬ ನೇಕಾರರ ಮನೆಗಳು. ಬೆಳಗಿನಿಂದ ಸಂಜೆಯವರೆಗೆ ಮಗ್ಗಗಳ ಸದ್ದು ಗೋಡೆಗಳಲ್ಲಿ ಮಿಡಿಯುತ್ತಿತ್ತು. ಹತ್ತಿಯ ಕೋಣೆಯ ಬಾಗಿಲು ಎಳೆದು ಮುಂದೆ ಮಾಡಿಕೊಂಡರೆ ಆ ಸದ್ದು ಎಲ್ಲಿಯೋ ದೂರದ ಊರಿನದೆನ್ನಿಸುತ್ತಿತ್ತು. ನನ್ನ ಬಾಲ್ಯದ ವಿಳಾಸ ಯಾವುದೆಂದು ಯಾರಾದರೂ ಕೇಳಿದರೆ ನಾನು ಊರಿನ ಹೆಸರು ಹೇಳುತ್ತೇನೆ. ಮನಸ್ಸು ಮಾತ್ರ ಆ ಕೋಣೆಯನ್ನು ಹೇಳುತ್ತದೆ.

ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಧಾರವಾಡದಿಂದ ಕಚೇರಿಗಳು ಬಂದವು, ಕಚೇರಿಗಳ ಹಿಂದೆ ಗುಮಾಸ್ತರು ಬಂದರು, ಗುಮಾಸ್ತರ ಹಿಂದೆ ಅವರ ಸಂಸಾರಗಳು ಬಂದವು. ಬಾಡಿಗೆಯ ಹೊಸ ಮನೆ ಹಿಡಿದವರಿಗೆಲ್ಲ ಗಾದಿ ಬೇಕಾಯಿತು. ಲಕ್ಷ್ಮೇಶ್ವರದಿಂದ ಮದುವೆಯ ಗಾದಿಗೆ ಬರುತ್ತಿದ್ದ ಹಳೆಯ ಗಿರಾಕಿಗಳ ಜೊತೆಗೆ ಈ ಹೊಸಬರೂ ಸೇರಿ ಪಡಸಾಲೆ ಒಂದು ಕ್ಷಣವೂ ಬರಿದಾಗುತ್ತಿರಲಿಲ್ಲ. ಅಪ್ಪನ ಮಾತಿಗೆ ಊರಿನಲ್ಲಿ ಹೆಸರಿತ್ತು. ಗುಮಾಸ್ತರು ಯಾರೇ ಬರಲಿ, ಅವರು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ತಲೆ ಎತ್ತಿ ಹೇಳುತ್ತಿದ್ದರು:

"ಸಾಹೇಬ್ರ, ನನ್ನ ಗಾದಿ ಮ್ಯಾಲೂ ನಿದ್ದಿ ಬರಲಿಲ್ಲಂದ್ರ ತಪ್ಪು ನಂದಲ್ಲ. ನಿಮ್ಮ ಆಫೀಸಿನ ಫೈಲಿಂದು."

ಬಂದವರು ನಗುತ್ತಿದ್ದರು. ಅಪ್ಪನೂ ನಗುತ್ತಿದ್ದರು. ಅವ್ವ ಒಳಗಿನಿಂದ ಚಹಾ ಕಳಿಸುತ್ತಿದ್ದರು. ಗಿರಾಕಿಗಳು ಹೋದ ಮೇಲೆ ಅಪ್ಪ ಯಾರ ಕಡೆಗೂ ನೋಡದೆ ಹಿತ್ತಲಿಗೆ ಹೋಗಿ ಬಿಲ್ಲಿನ ಮುಂದೆ ಕೂರುತ್ತಿದ್ದರು. ತಂತಿಯ ಝೇಂಕಾರ ಮನೆಯನ್ನು ತುಂಬುತ್ತಿತ್ತು. ಪೇಟೆಯಲ್ಲಿ ಹತ್ತಿ ಹಿಂಜುವ ಯಂತ್ರ ಬಂದು ಎಷ್ಟೋ ಕಾಲವಾಗಿತ್ತು. ಅಪ್ಪ ಬಿಲ್ಲನ್ನೇಕೆ ಬಿಡಲಿಲ್ಲವೆಂದು ಆಗ ಯಾರೂ ಕೇಳಲಿಲ್ಲ. ಹಠವೆಂದು ಎಲ್ಲರೂ ತಿಳಿದಿದ್ದರು.

ಶಾಲೆಯಲ್ಲಿ ನಾನು ಬಲು ಒಳ್ಳೆಯ ಹುಡುಗಿ. ಹಾಗೆ ಆಗುವುದಕ್ಕೆ ನಾನು ಮಾಡುತ್ತಿದ್ದ ಕೆಲಸ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಮಾತನಾಡುವವರ ಕಣ್ಣು ನೋಡಿದರೆ ನನಗೆ ಅವರ ಮಾತು ಕೇಳಿಸುತ್ತಿರಲಿಲ್ಲ. ಆದ್ದರಿಂದ ಹುಬ್ಬುಗಳ ನಡುವಿನ ಜಾಗ ನೋಡುವುದನ್ನು ಅಭ್ಯಾಸ ಮಾಡಿದೆ. ಬೆರಳುಗಳು ತಾವಾಗಿ ಕುಣಿಯತೊಡಗಿದರೆ ಅವನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂರುತ್ತಿದ್ದೆ. ಪಾಠದ ಒಂದು ವಾಕ್ಯಕ್ಕೂ ಮುಂದಿನ ವಾಕ್ಯಕ್ಕೂ ನಡುವೆ ನನ್ನ ಮನಸ್ಸು ರೈಲ್ವೆ ನಿಲ್ದಾಣದವರೆಗೆ ಹೋಗಿ ಬರುತ್ತಿತ್ತು. ಅದನ್ನು ಎಳೆದು ತಂದು, ಎಲ್ಲಿಗೂ ಹೋಗಿರಲಿಲ್ಲವೆಂಬ ಮುಖ ಮಾಡುತ್ತಿದ್ದೆ. ಗೆಳತಿಯರ ಚೇಷ್ಟೆ ಅರ್ಥವಾಗದಿದ್ದಾಗ ಅವರು ನಗುವವರೆಗೆ ಕಾದು ನಗುತ್ತಿದ್ದೆ. ಗುರುಮಾತೆಯರು ಅವ್ವನಿಗೆ, ನಿಮ್ಮ ಮಾಬೂಬಿ ಹೂವಿನಂಥ ಹುಡುಗಿ, ಎನ್ನುತ್ತಿದ್ದರು. ಹೂವು ಮನೆಗೆ ಬಂದು ಪಾಟೀಚೀಲ ಎಸೆದು, ಹತ್ತಿಯ ಕೋಣೆ ಹೊಕ್ಕು, ಬಿಳಿಯ ಒಟ್ಟಿಲಿನಲ್ಲಿ ಮುಖ ಹುದುಗಿಸಿ ಬಿದ್ದುಕೊಳ್ಳುತ್ತಿತ್ತು. ಕರೆದರೆ ಓಗೊಡುತ್ತಿರಲಿಲ್ಲ. ಮೈ ಮುಟ್ಟಿದರೆ ಅಳುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಎದ್ದು ಬಂದು ಕಟಕರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದು, ಆಮೇಲೆ ಮನುಷ್ಯರಂತೆ ಮಾತನಾಡುತ್ತಿತ್ತು. ಆ ಕಟಕ್ ಎನ್ನುವ ಸದ್ದಿನ ಊಟ ನನಗೆ ಇಂದಿಗೂ ಹಬ್ಬ.

ಈ ಬೀಳುವಿಕೆ ಅವ್ವನನ್ನು ಕಂಗೆಡಿಸಿತು. ಅವರ ತಂದೆಯೂ ಹತ್ತಿ ಹಿಂಜಿದವರೇ. ಹತ್ತಿಯ ಧೂಳು ಎದೆಗೆ ಕೂತು ಕೆಮ್ಮಿ ಕೆಮ್ಮಿ ತೀರಿಕೊಂಡವರು. ಹುಡುಗಿ ಬೆಳಿಗ್ಗೆ ಚೆನ್ನಾಗಿರುತ್ತಾಳೆ, ಶಾಲೆಯಲ್ಲಿ ಹೂವಿನಂತಿರುತ್ತಾಳೆ, ಹತ್ತಿಯ ಕೋಣೆಗೆ ಹೋದೊಡನೆ ಜೀವವಿಲ್ಲದಂತೆ ಬೀಳುತ್ತಾಳೆ. ಹೀಗಿರುವಾಗ ಕಾರಣ ಬೇರೇನಿದ್ದೀತು? ಮುಂದೆ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಎಷ್ಟೋ ವಾದಗಳನ್ನು ಬಿಚ್ಚಿ ನೋಡಿದ್ದೇನೆ. ಅವ್ವನ ವಾದದಷ್ಟು ಬಿಗಿಯಾದದ್ದು ಅಪರೂಪ. ಕಣ್ಣಾರೆ ಕಂಡ ಸಾಕ್ಷಿಯಿತ್ತು, ಮನೆತನದ ಅನುಭವವಿತ್ತು, ಮೇಲಾಗಿ ಪ್ರೀತಿಯಿತ್ತು. ಗಾದಿಯವರ ಮನೆಯಲ್ಲದೆ ಬೇರೆಲ್ಲಿಯೂ ಹುಟ್ಟಲಾರದ ತಪ್ಪು ಅದು. ಕಲೆ ತೊಳೆಯುವ ನೀರನ್ನೇ ಕಲೆಗೆ ಕಾರಣವೆಂದು ಹಿಡಿದಂತಾಗಿತ್ತು.

"ಇವತ್ತಿಂದ ಆ ಕ್ವಾಣಿಗೆ ಕೀಲಿ," ಎಂದರು ಅವ್ವ, ರೊಟ್ಟಿ ಬಡಿಯುತ್ತಲೇ. "ನಮ್ಮಪ್ಪನ್ನ ನುಂಗಿದ ಧೂಳಿಗೆ ನನ್ನ ಮಗಳನ್ನ ಕೊಡೂದಿಲ್ಲ."

"ಕ್ವಾಣ್ಯಾಗ ಇರೂದು ಹಿಂಜಿದ್ದ ಹತ್ತಿ," ಎಂದರು ಅಪ್ಪ. "ಧೂಳೆಲ್ಲಾ ಹಿತ್ತಲದಾಗ ಹಾರಿ ಹೋಗಿರ್ತೈತಿ."

"ಮತ್ತ ಯಾಕ ಬೀಳ್ತಾಳ ಅಲ್ಲಿ? ಹೇಳ್ರಿ ನೋಡೂಣು."

ಅಪ್ಪ ಎದ್ದು ಬಿಲ್ಲಿನ ಕಡೆಗೆ ಹೋದರು. ಗಿರಾಕಿಗಳ ಮುಂದೆ ಅಷ್ಟು ಮಾತನಾಡುವವರು ಮನೆಯ ಜಗಳಗಳಲ್ಲಿ ಮೊದಲು ಸುಮ್ಮನಾಗುತ್ತಿದ್ದರು. ಕೋಣೆಗೆ ಕೀಲಿ ಬಿತ್ತು. ನಾನು ಪಡಸಾಲೆಯ ಮೂಲೆಯಲ್ಲಿ, ಗಿರಾಕಿಗಳ ಕಾಲುಗಳ ನಡುವೆ, ಗಾದಿಯ ಗವಸನ್ನು ತಲೆಯ ಮೇಲೆ ಎಳೆದುಕೊಂಡು ಕೂರತೊಡಗಿದೆ. ನನ್ನ ಅಳು ಹೆಚ್ಚಿತು. ಧೂಳು ರಕ್ತಕ್ಕೇ ಇಳಿದಿದೆಯೆಂದು ಅವ್ವ ನಿರ್ಧರಿಸಿದರು. ಬೇಸಿಗೆಯ ರಜೆ ಬಂದೊಡನೆ ನನ್ನನ್ನು ಮುಂಡರಗಿಗೆ, ಅಪ್ಪನ ಅಕ್ಕ ಹುಸೇನಬಿಯತ್ತೆಯ ಮನೆಗೆ, ಗಾಳಿ ಬದಲಾವಣೆಗೆಂದು ಕಳಿಸಿದರು.

ಅತ್ತೆಯಂಥ ಉದಾರಿಯನ್ನು ನಾನು ಆಮೇಲೆ ಕಂಡಿಲ್ಲ. ಮಾವನದು ಬಳೆಯ ವ್ಯಾಪಾರ. ಅಂಗಡಿ ಎಂದರೆ ಮನೆಯ ಮುಂಭಾಗವೇ. ಡೋಣಿಯ ಕಡೆಯಿಂದ, ಸುತ್ತಲಿನ ಹಳ್ಳಿಗಳಿಂದ ಹೆಣ್ಣುಮಕ್ಕಳು ಬಂದು ಬಳೆ ಇಡಿಸಿಕೊಂಡು, ಚಹಾ ಕುಡಿದು, ಸೊಸೆಯರ ಸುದ್ದಿ ಹೇಳಿ, ಮತ್ತೊಂದು ಡಜನ್ ಬಳೆ ನೋಡಿ, ಬಸ್ಸಿನ ಹೊತ್ತಿಗೆ ಏಳುತ್ತಿದ್ದರು. ಗಾಜು ಗಾಜಿಗೆ ತಾಗುವ ಸದ್ದು ನನ್ನ ಹಲ್ಲಿನ ಬುಡಕ್ಕೆ ಇಳಿಯುತ್ತಿತ್ತು. ಒಳಗೆ ಅತ್ತೆಯ ಮಕ್ಕಳು, ಮೊಮ್ಮಕ್ಕಳು, ನೆರೆಯವರು. ಎಲ್ಲರೂ ಸಾಲಾಗಿ ಉಣ್ಣುವುದು, ಸಾಲಾಗಿ ಮಲಗುವುದು. ಒಬ್ಬಳೇ ಇರಲು ಆ ಮನೆಯಲ್ಲಿ ಇದ್ದ ಏಕೈಕ ಸ್ಥಳ ಬಚ್ಚಲು. ನಾನು ಅಲ್ಲಿ ಎಷ್ಟು ಹೊತ್ತು ಕಳೆಯುತ್ತಿದ್ದೆನೆಂದರೆ ಮಾವ ಹೊರಗಿನಿಂದ ಕೂಗುತ್ತಿದ್ದರು:

"ಮಾಬೂ, ಜಳಕ ಮಾಡಾಕತ್ತೀಯೋ, ತುಂಗಭದ್ರಾ ಖಾಲಿ ಮಾಡಾಕತ್ತೀಯೋ?"

ಎಲ್ಲರೂ ನಗುತ್ತಿದ್ದರು. ನಾನೂ ಒಳಗಿನಿಂದಲೇ, ಅವರಿಗೆ ಕೇಳಿಸುವಂತೆ, ನಗುತ್ತಿದ್ದೆ.

ಬೆಟಗೇರಿಯಲ್ಲಿ ಬೀಳಲು ಒಂದು ಕೋಣೆ ಇದ್ದದ್ದರಿಂದ ನಾನು ಬೀಳುತ್ತಿದ್ದೆ. ಮುಂಡರಗಿಯಲ್ಲಿ ಅಂಥ ಜಾಗವಿಲ್ಲದ್ದರಿಂದ ನಿಂತೇ ಇದ್ದೆ. ಎಚ್ಚರವಿದ್ದಷ್ಟು ಹೊತ್ತೂ ಸೋಗು ಹಾಕಿಕೊಂಡೇ ಇರಬೇಕಾಯಿತು. ಮುಖದಲ್ಲಿ ನಗು, ಬಾಯಲ್ಲಿ "ಹೂಂ ಅತ್ತಿ", ಕೈ ತುಂಬ ಬಳೆ. ಅತ್ತೆಯ ಕಣ್ಣಿಗೆ ನಾನು ಗುಣವಾಗುತ್ತಿದ್ದೆ. ಅವರು ಟೆಲಿಫೋನ್ ಬೂತಿಗೆ ಹೋಗಿ, ನಮ್ಮ ಓಣಿಯ ಕಿರಾಣಿ ಅಂಗಡಿಗೆ ಫೋನು ಹಚ್ಚಿ, ಅವ್ವನನ್ನು ಕರೆಸಿ ಖಬರ ಮುಟ್ಟಿಸಿದರು. ನಾನು ಅವರ ಪಕ್ಕದಲ್ಲಿಯೇ ನಿಂತಿದ್ದೆ.

"ಕಪ್ಪತಗುಡ್ಡದ ಗಾಳಿ ಅಂದ್ರ ಔಷಧ ಇದ್ದಂಗ ನೋಡವಾ. ಹುಡುಗಿ ಒಂದಿನಾ ಬಿದ್ದಿಲ್ಲ, ಅತ್ತಿಲ್ಲ. ನಕ್ಕೋತ ಅದಾಳ. ಮತ್ತ ಆ ಹತ್ತಿಯಾಗ ಯಾಕ ಹಾಕ್ತಿ? ಇಲ್ಲೇ ಸಾಲಿಗೆ ಹಚ್ಚತೀವಿ. ನಂಗೇನು ಒಂದು ರೊಟ್ಟಿ ಭಾರ ಆಕ್ಕೈತೇನು?"

ರಜೆ ಮುಗಿಯುವ ಮುನ್ನ ಅಪ್ಪ ಬಂದು ಮುಂಡರಗಿಯ ಶಾಲೆಗೆ ನನ್ನ ಹೆಸರು ಹಚ್ಚಿ ಹೋಗುವುದೆಂದು ನಿಶ್ಚಯವಾಯಿತು. ನಾನು ಸೋಗನ್ನು ಎಷ್ಟು ಚೆನ್ನಾಗಿ ಹೊತ್ತೆನೋ ಅಷ್ಟು ಖಚಿತವಾಗಿ ನನ್ನ ಮನೆಯನ್ನು ಕಳೆದುಕೊಳ್ಳುತ್ತಿದ್ದೆ. ಇಷ್ಟು ತಿಳಿದಿದ್ದರೂ ನಿಲ್ಲಿಸಲು ಬರುತ್ತಿರಲಿಲ್ಲ. ಪ್ರತಿ ಬೆಳಿಗ್ಗೆ, ಇಂದು ಅತ್ತೆಗೆ ಹೇಳಿಬಿಡಬೇಕು, ನಾನು ಬೆಟಗೇರಿಗೆ ಹೋಗುತ್ತೇನೆ ಎನ್ನಬೇಕು, ಎಂದುಕೊಂಡು ಏಳುತ್ತಿದ್ದೆ. ಅತ್ತೆ ಎದುರಿಗೆ ಬಂದೊಡನೆ ಮುಖ ತಾನಾಗಿಯೇ ಅರಳುತ್ತಿತ್ತು, ಬಾಯಿ ತಾನಾಗಿಯೇ ಹೂಂ ಎನ್ನುತ್ತಿತ್ತು. ಸಂಜೆಯ ಹೊತ್ತಿಗೆ ನಿತ್ಯದ ವಸ್ತುಗಳ ಹೆಸರೂ ನಾಲಿಗೆಗೆ ಬರುತ್ತಿರಲಿಲ್ಲ. ತಂಬಿಗೆ ಬೇಕಾದರೆ ಬೆರಳು ತೋರಿಸುತ್ತಿದ್ದೆ. ಜಡೆಯ ರಿಬ್ಬನ್ನು ಕಟ್ಟಲು ಬೆರಳುಗಳು ಮರೆತವು. ಹೂಂ ಎಂಬ ಒಂದೇ ಮಾತು ಉಳಿಯಿತು. ಎಲ್ಲರಿಗೂ ನನ್ನಿಂದ ಬೇಕಾಗಿದ್ದದ್ದು ಅದೊಂದೇ ಆದ್ದರಿಂದ ಉಳಿದವು ಹೋದದ್ದು ಯಾರಿಗೂ ತಿಳಿಯಲಿಲ್ಲ.

ಅಪ್ಪ ಬಂದ ದಿನ ಅಂಗಡಿಯಲ್ಲಿ ಜನ ತುಂಬಿತ್ತು. ಅತ್ತೆ ನನ್ನನ್ನು ಅವರ ಮುಂದೆ ನಿಲ್ಲಿಸಿ, ಗುಣವಾದ ಗಿಡವನ್ನು ತೋರಿಸುವ ಮಾಲಿಯಂತೆ, ಭುಜ ಹಿಡಿದು ತಿರುಗಿಸಿ ತೋರಿಸಿದರು. ಮಾವ ತಮ್ಮ ಹಳೆಯ ಕಥೆಯೊಂದನ್ನು ಎತ್ತಿಕೊಂಡರು. ಶಿರಹಟ್ಟಿಯ ಸಂತೆಯಲ್ಲಿ ಒಬ್ಬ ಗಂಡ ಹೆಂಡತಿಯ ಕೈ ಅಳತೆ ತಿಳಿಯದೆ ಎತ್ತಿನ ಕೊಂಬಿನ ಅಳತೆ ಹೇಳಿದ ಕಥೆ. ಹೆಣ್ಣುಮಕ್ಕಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ನಾನೂ ನಕ್ಕೆ. ನನ್ನ ನಗೆಯಲ್ಲಿ ಯಾವ ದೋಷವೂ ಇರಲಿಲ್ಲವೆಂದು ಇಂದಿಗೂ ಹೇಳಬಲ್ಲೆ. ಅಪ್ಪ ನಗುತ್ತಿದ್ದರು, ನಗುತ್ತಿದ್ದಂತೆಯೇ ಅವರ ಕಣ್ಣು ನನ್ನ ಮೇಲೆ ನಿಂತಿತು. ಚಹಾ ಮುಗಿಸಿ ಎದ್ದು, ಮೆಣಸಿನಕಾಯಿ ಒಣಗಿದೆಯೋ ನೋಡಿ ಬರೋಣವೆಂಬ ನೆಪ ಹೇಳಿ ನನ್ನನ್ನು ಮಾಳಿಗೆಯ ಮೇಲೆ ಕರೆದೊಯ್ದರು.

"ಮಾಬೂ, ಮಾವ ಹೇಳಿದ್ದು ತಿಳೀತೇನು?"

"ಹೂಂ."

"ಏನ್ ಹೇಳಿದ್ರು?"

ನಾನು ಮೆಣಸಿನಕಾಯಿಗಳನ್ನು ನೋಡಿದೆ.

"ಮತ್ತ ಯಾಕ ನಕ್ಕಿ?"

"ಎಲ್ಲಾರೂ ನಕ್ರು."

ಅಪ್ಪ ಕುಕ್ಕರಗಾಲಿನಲ್ಲಿ ಕುಳಿತರು. ಒಂದು ಮೆಣಸಿನಕಾಯಿಯ ತೊಟ್ಟು ಮುರಿದರು, ಇನ್ನೊಂದರದು ಮುರಿದರು. ನನ್ನ ಕಡೆಗೆ ನೋಡದೆ ಹೇಳಿದರು:

"ನಾನೂ ಹಂಗ ನಗತೀನಿ."

ನನಗೆ ನಂಬಿಕೆಯಾಗಲಿಲ್ಲ. ಅಪ್ಪ ಇಡೀ ಬೆಟಗೇರಿಯನ್ನು ನಗಿಸುವವರು.

"ಫೈಲಿನ ಮಾತು ಹೇಳ್ತೀನಲ್ಲ, ಅದು ನಂದಲ್ಲ. ನಮ್ಮಪ್ಪಂದು. ಅವಾ ಫೈಲ್ ಅಂತಿದ್ದಿಲ್ಲ, ಶಾನಭೋಗರ ಕಡತ ಅಂತಿದ್ದ. ಗಿರಾಕಿ ಬಂದ್ರ ಏನ್ ಮಾತಾಡಬೇಕಂತ ನನಗ ಇಷ್ಟು ವಯಸ್ಸಾದ್ರೂ ತಿಳೀವಲ್ದು. ಅದಕ್ಕ ನಾಕು ಮಾತು ಕಲ್ತು ಇಟಗೊಂಡೀನಿ. ಅವ ಹೊಳ್ಳಿ ಹೊಳ್ಳಿ ಆಡ್ತೀನಿ."

"ಮತ್ತ ಬಿಲ್ಲು?"

"ಬಿಲ್ಲಿನ ಮುಂದ ಕುಂತ್ರ ಯಾರೂ ಮಾತಾಡಸೂದಿಲ್ಲ." ಅವರು ಕೈ ಝಾಡಿಸಿಕೊಂಡರು. "ಅದಿಲ್ಲಂದ್ರ ನಾ ಎಂದೋ ಹುಚ್ಚ ಆಗಿರ್ತಿದ್ದೆ. ಹತ್ತಿ ಕ್ವಾಣ್ಯಾಗ ನಿನಗ ಏನಾಕ್ಕೈತಿ? ಖರೆ ಹೇಳು. ಎದಿ ಹಿಡೀತೈತೇನು?"

ಅಷ್ಟು ದಿನ ಹುಡುಕಿದ ಮಾತು ಎಲ್ಲಿಂದಲೋ ಬಂತು.

"ಇಲ್ಲ. ಅಲ್ಲಿ ನಗು ಮುಖ ಮಾಡ್ಕೊಂಡು ಇರಬೇಕಾಗೂದಿಲ್ಲ."

ಅಪ್ಪ ತಲೆಯಾಡಿಸಿದರು. ನನ್ನ ಬೆರಳುಗಳು ಆಗಲೇ ಲಂಗದ ಅಂಚಿನ ಮೇಲೆ ಕುಣಿಯತೊಡಗಿದ್ದವು. ನಾನು ಅವನ್ನು ತಡೆಯಲಿಲ್ಲ, ಅವರೂ ತಡೆಯಲಿಲ್ಲ. ಆ ಮಾಳಿಗೆಯ ಮೇಲೆ ನಾವಿಬ್ಬರೂ ಏನೊಂದೂ ಮಾತನಾಡದೆ ಮೆಣಸಿನಕಾಯಿಯ ತೊಟ್ಟು ಮುರಿದೆವು. ನನ್ನ ಬಾಲ್ಯದ ಅತ್ಯಂತ ಸುಖದ ಹೊತ್ತು ಅದು.

ಕೆಳಗೆ ಬಂದು ಅಪ್ಪ, ಹುಡುಗಿಯನ್ನು ಕರೆದುಕೊಂಡು ಹೋಗುತ್ತೇನೆ, ಎಂದಾಗ ಅತ್ತೆಯ ಮುಖ ಸಣ್ಣದಾಯಿತು.

"ನಕ್ಕೋತ ಇರೋ ಹುಡುಗೀನ ಮತ್ತ ಆ ಧೂಳಿಗೆ ಒಯ್ತೀಯೇನು ತಮ್ಮಾ? ನಿನಗ ಬುದ್ಧಿ ಐತೇನು?"

"ಅದು ನಗು ಅಲ್ಲಕ್ಕಾ," ಎಂದರು ಅಪ್ಪ. "ದುಡಿಮಿ."

"ಏನಂದಿ?"

"ಬೆಳಗಿಂದ ಸಂಜೀತನ ದುಡ್ಯಾಕತ್ತಾಳ ಅಕಿ. ನಾವೆಲ್ಲಾ ಅದನ್ನ ನೋಡಿ ಅರಾಮ ಅದಾಳ ಅನ್ನಾಕತ್ತೀವಿ."

"ನಮ್ಮ ಮನ್ಯಾಗ ಏನು ಕಡಿಮಿ ಮಾಡೇವಪಾ ಅಕಿಗೆ?"

"ಏನೂ ಕಡಿಮಿ ಮಾಡಿಲ್ಲ. ಮಂದಿ ಒಂದೀಟು ಹೆಚ್ಚ ಆಗೈತಿ, ಅಷ್ಟ."

ಅತ್ತೆ ಸಿಟ್ಟಾಗಬೇಕೋ ನಗಬೇಕೋ ತಿಳಿಯದೆ ಮಾವನ ಮುಖ ನೋಡಿದರು. ಮಾವ, ಅದಂತೂ ಖರೆ, ನನಗೂ ಬಚ್ಚಲಿಗೆ ಪಾಳಿ ಸಿಗವಲ್ದು, ಎಂದರು. ಅತ್ತೆ ನಕ್ಕುಬಿಟ್ಟರು. ಹೊರಡುವಾಗ ನನ್ನ ಎರಡೂ ಕೈ ಹಿಡಿದು ಬಳೆಗಳನ್ನು ಒಂದೊಂದಾಗಿ ಹಿಂಡಿ ತೆಗೆದು, ಹಳೆಯ ಸೀರೆಯ ತುಂಡಿನಲ್ಲಿ ಸದ್ದಾಗದಂತೆ ಸುತ್ತಿ ಚೀಲಕ್ಕೆ ಇಟ್ಟರು. ಅವರಿಗೆ ಎಷ್ಟು ತಿಳಿದಿತ್ತೋ ನಾನು ಹೇಳಲಾರೆ. ಅವರ ಕೈಗೆ ಮಾತ್ರ ಎಲ್ಲವೂ ತಿಳಿದಂತಿತ್ತು.

ಇಲ್ಲಿ ಎದುರುಪಕ್ಷದ ಮಾತನ್ನೂ ಹೇಳುವುದು ನ್ಯಾಯ. ಈಗ ನಾನು ಉಪನ್ಯಾಸಕ್ಕೆ ಹೋಗುವ ಶಿಕ್ಷಕರ ತರಬೇತಿಗಳಲ್ಲಿ ಇದನ್ನೆಲ್ಲ ವಿವರಿಸುವಾಗ ಹಿಂದಿನ ಸಾಲಿನಿಂದ ಯಾರಾದರೂ ಎದ್ದು, ಲೋಕದಲ್ಲಿ ಸೋಗು ಹಾಕದವರು ಯಾರಿದ್ದಾರೆ ಮೇಡಂ, ನಾವೂ ಸಾಹೇಬರ ಮುಂದೆ ನಗುವುದಿಲ್ಲವೇ, ಎಂದು ಕೇಳುತ್ತಾರೆ. ಪ್ರಶ್ನೆ ಪ್ರಾಮಾಣಿಕವಾದದ್ದು. ಸಾಹೇಬರ ಮುಂದೆ ನಗುವವರು ಸಾಹೇಬರು ಹೋದೊಡನೆ ನಿಲ್ಲಿಸುತ್ತಾರೆ. ನಿಲ್ಲಿಸಿದಾಗ ತಮ್ಮ ಸಹಜ ಮುಖ ಅವರಿಗೆ ಮರಳಿ ಸಿಗುತ್ತದೆ, ಅದನ್ನು ಯಾರೂ ತಪ್ಪೆನ್ನುವುದಿಲ್ಲ. ನಮ್ಮಂಥವರಿಗೆ ತಪ್ಪೆನಿಸಿಕೊಂಡದ್ದು ಸಹಜ ಮುಖವೇ. ಕಣ್ಣು ಎಲ್ಲಿರಬೇಕು, ಕೈ ಎಲ್ಲಿರಬೇಕು, ಮನಸ್ಸು ಎಲ್ಲಿರಬೇಕು ಎಂಬುದೆಲ್ಲ ನಮಗೆ ಎಣಿಸಿ ಮಾಡುವ ಕೆಲಸ. ದೊಡ್ಡವಳಾದ ಮೇಲೆ ಹುಬ್ಬಳ್ಳಿಯ ವೈದ್ಯರೊಬ್ಬರು ನನ್ನ ಕಥೆಯನ್ನೆಲ್ಲ ತಾಳ್ಮೆಯಿಂದ ಕೇಳಿ, ನನ್ನಲ್ಲಿ ಆಟಿಸಂ ಇದೆ, ಜೊತೆಗೆ ಮನಸ್ಸನ್ನು ಒಂದೆಡೆ ನಿಲ್ಲಗೊಡದ ಎಡಿಎಚ್‌ಡಿಯೂ ಇದೆ, ಎಂದರು. ಅವನ್ನು ಬಚ್ಚಿಡುವ ದುಡಿಮೆಯೇ ದಣಿಸುತ್ತದೆ ಎಂದೂ ಹೇಳಿದರು. ಹೆಸರುಗಳು ಉಪಯೋಗಕ್ಕೆ ಬಂದವು, ಅವುಗಳ ಬಗ್ಗೆ ನನಗೆ ಗೌರವವಿದೆ. ಆದರೆ ದುಡಿಮೆ ಎಂಬ ಮಾತನ್ನು ನಾನು ಅದಕ್ಕೂ ಎಷ್ಟೋ ಮೊದಲೇ ಮುಂಡರಗಿಯ ಬಳೆಯಂಗಡಿಯಲ್ಲಿ ಕೇಳಿದ್ದೆ. ಶಿಕ್ಷಕರಲ್ಲಿ ನನ್ನದು ಒಂದೇ ವಿನಂತಿ: ಮಗು ಶಾಲೆಯಲ್ಲಿ ಹೇಗಿದೆಯೆಂದು ಹೇಳಿ ಮುಗಿಸಬೇಡಿರಿ, ಮನೆಗೆ ಹೋದ ಮೇಲೆ ಹೇಗಿರುತ್ತದೆಂದು ತಂದೆತಾಯಿಯನ್ನು ಕೇಳಿರಿ. ಶಾಲೆಯಲ್ಲಿ ಒಂದು ಸದ್ದಿಲ್ಲದ ಮೂಲೆಯನ್ನು ಬಿಟ್ಟುಕೊಡಿರಿ, ಅಲ್ಲಿಗೆ ಹೋದ ಮಗುವನ್ನು ಏಕೆಂದು ಕೇಳಬೇಡಿರಿ. ಇಷ್ಟರಿಂದ ಲೋಕ ಬದಲಾಗದು. ಒಂದು ಮಗುವಿನ ಸಂಜೆ ಬದಲಾಗುತ್ತದೆ. ನಾನು ಅದರಿಂದಲೇ ಬದುಕಿದವಳು.

ಮುಂಡರಗಿಯಿಂದ ಗದಗಿನವರೆಗೆ ಬಸ್ಸಿನಲ್ಲಿ ಅಪ್ಪ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕಿಟಕಿಯ ಪಕ್ಕದ ಆಸನ ಕೊಟ್ಟು ತಾವು ಗೋಡೆಯಂತೆ ಈ ಕಡೆ ಕುಳಿತರು. ಮನೆ ಮುಟ್ಟಿದಾಗ ಅವ್ವ ಹಿಟ್ಟಿನ ಕೈಯಲ್ಲಿಯೇ ಓಡಿ ಬಂದರು. ಅವರನ್ನು ನೋಡಿದ ಕೂಡಲೇ ನಾನು ಮುಖ ಅರಳಿಸಬೇಕಾಗಿತ್ತು. ಅರಳಿಸಲಾಗಲಿಲ್ಲ. ಹಾಗೆಯೇ ನಿಂತೆ.

"ಏನಾತಿದಕ್ಕ?" ಎಂದರು ಅವ್ವ. "ಅರಾಮ ಆಗ್ಯಾಳಂತ ಫೋನ್ ಮಾಡಿದ್ರಲ್ಲ?"

"ಕ್ವಾಣಿ ಕೀಲಿ ತಗಿ," ಎಂದರು ಅಪ್ಪ.

"ಧೂಳು?"

"ಧೂಳು ಬಡದು ತೆಗಿಯೂಣು. ಹತ್ತಿ ಮ್ಯಾಲ ದುಪ್ಪಟಿ ಹಾಸೂಣು, ಬಿಲ್ಲು ಹಿತ್ತಲದ ಆ ತುದಿಗೆ ಕಟ್ಟೂಣು. ನೀ ಏನ್ ಹೇಳ್ತಿ ಹಂಗ ಮಾಡೂಣು. ಅಕಿ ಧೂಳಿಂದ ಬೀಳೂದಿಲ್ಲ. ದಣದು ಬೀಳ್ತಾಳ."

"ಸಾಲ್ಯಾಗ ಕುಂತು ಬರೋ ಹುಡುಗಿಗೆ ಎಂಥಾ ದಣಿವು?"

"ನಾ ಪಡಸಾಲ್ಯಾಗ ಕುಂತು ದಣೀತೀನಲ್ಲ, ಅಂಥಾದು."

ಅವ್ವ ಅಪ್ಪನ ಮುಖವನ್ನು ನೋಡಿದರು. ಮದುವೆಯಾದಂದಿನಿಂದ ಬಿಲ್ಲಿನ ತಂತಿಯ ಸದ್ದಿನಲ್ಲಿ ತಾವು ಕೇಳದೆ ಬಿಟ್ಟ ಏನನ್ನೋ ಆ ಮುಖದಲ್ಲಿ ಓದುತ್ತಿರುವಂತೆ ಕಂಡಿತು. ಆಮೇಲೆ ಕೈಯ ಹಿಟ್ಟು ಒರೆಸಿಕೊಂಡು ಹೋಗಿ ಕೀಲಿ ತೆಗೆದರು. ತಾವೇ ಮೊದಲು ಒಳಗೆ ಹೊಕ್ಕು, ಮೂಗಿನಿಂದ ಉಸಿರೆಳೆದು ಪರೀಕ್ಷಿಸಿ, ತಮ್ಮ ಮಲಗುವ ದುಪ್ಪಟಿಯನ್ನು ಹತ್ತಿಯ ಮೇಲೆ ಹಾಸಿದರು. ನಾನು ಒಳಗೆ ಹೋದೆ. ಅವ್ವ ಬಾಗಿಲನ್ನು ಮುಂದೆ ಮಾಡಿ, ಹೊಸ್ತಿಲ ಹೊರಗೆ ಪರಾತ ಇಟ್ಟುಕೊಂಡು ಹಿಟ್ಟು ನಾದಲು ಕುಳಿತರು. ಕೈಬಳೆ ಮೇಲೆ ಸರಿಸಿಕೊಂಡಿರಬೇಕು, ಸದ್ದಿರಲಿಲ್ಲ.

ಆಚೆ ಮನೆಯ ನೇಕಾರರ ಗಂಗವ್ವ ನನ್ನನ್ನು ನೋಡಲೆಂದು ಬಂದದ್ದು ಒಳಗಿನಿಂದಲೇ ತಿಳಿಯಿತು.

"ಮಾಬೂ ಬಂದಾಳಂತಲ್ಲವಾ. ಎಲ್ಲದಾಳ? ಕರಿ, ಮಾರಿ ನೋಡತೀನಿ."

ನಾನು ಹತ್ತಿಯಲ್ಲಿ ಬಿಗಿಯಾದೆ. ಎದ್ದು ಹೋಗಿ ನಗಬೇಕೆಂದು ಮೈ ಆಗಲೇ ಸಿದ್ಧವಾಗುತ್ತಿತ್ತು. ಅವ್ವನ ದನಿ ಬಾಗಿಲಿಗೆ ಬೆನ್ನು ಕೊಟ್ಟು ಬಂತು.

"ಬಸ್ಸಿಂದ ಇಳದಾಳ, ಗಂಗಕ್ಕ. ಜೀವ ಇನ್ನೂ ಮನಿ ಮುಟ್ಟಿಲ್ಲ. ನಾಳಿ ಬಾ."